ಮಾವನವರು ಭಂಕೂರಿನ ನೆಲ ತುಳಿದದ್ದು

ಇವತ್ತು ಮಾಡಿದ ಕೆಲಸ: ನಸುಕಿಗೆ ನಳ ಬಂದಾಗ ಎರಡು ಬ್ಯಾರಲ್ ನೀರು ತುಂಬಿದ್ದು. ತೊಗರಿಬೇಳೆ ಕೇರಿ ಹಸನು ಮಾಡಿದ್ದು. ಅತ್ತೆಯವರ ಕನ್ನಡಕದ ಸಡಿಲಾದ ಕಾಲಿಗೆ ದಾರ ಸುತ್ತಿದ್ದು. ಯಜಮಾನರ ಅಂಗಿಗೆ ಗುಂಡಿ ಹಚ್ಚಿದ್ದು. ಮಾವನವರ ಕಾಲುಗುರು ಕತ್ತರಿಸಿದ್ದು. ಹತ್ತು ಗಂಟೆಗೆ ಅತ್ತೆ ಮಾವರನ್ನು ಆಟೋದಲ್ಲಿ ಕೂರಿಸಿಕೊಂಡು ಶಹಾಬಾದಿನಿಂದ ಭಂಕೂರಿಗೆ ಹೋಗಿ ಬಂದದ್ದು.

ಉಳಿದದ್ದೆಲ್ಲ ದಿನದ ಕೆಲಸವೇ. ಕೊನೆಯದೊಂದನ್ನು ಬಿಡಿಸಿ ಬರೆಯಬೇಕು.

ನಮ್ಮ ಮಾವನವರು ಪರಸಿ, ಅಂದರೆ ನೆಲದ ಕಲ್ಲು, ಹಾಸುವ ಮೇಸ್ತ್ರಿ. ವಾಡಿಯಿಂದ ಹಿಡಿದು ಚಿತ್ತಾಪುರ, ಸೇಡಂ, ಆಚೆ ಚಿಂಚೋಳಿಯ ತನಕ ಎಷ್ಟು ಪಡಸಾಲೆಗಳಿಗೆ ಶಹಾಬಾದಿನ ಕಲ್ಲು ಹಾಸಿದ್ದಾರೋ ಅವರಿಗೇ ಲೆಕ್ಕವಿಲ್ಲ. ಈಗ ಎಪ್ಪತ್ತಾರು ವರ್ಷ. ಹೋದ ಮಳೆಗಾಲದಲ್ಲಿ ಬಚ್ಚಲ ಹೊಸ್ತಿಲ ಮುಂದೆ ಜಾರಿ ಬಿದ್ದರು. ಆ ಕಲ್ಲು ಅವರೇ ಹಾಸಿದ್ದು. ಮೂಳೆ ಮುರಿಯಲಿಲ್ಲ. ಮೊಣಕೈ ಊದಿದ್ದು ಎಂಟು ದಿನಕ್ಕೆ ಇಳಿಯಿತು. ಅಂಜಿಕೆ ಇಳಿಯಲಿಲ್ಲ.

ಅವರದಕ್ಕಿಂತ ನಮ್ಮ ಅಂಜಿಕೆಯೇ ಹೆಚ್ಚು. ಅವರು ಮಂಚದಿಂದ ಎದ್ದರೆ ಸಾಕು, ಅತ್ತೆ ಅಡುಗೆಮನೆಯಿಂದಲೇ ಕೂಗುವರು: "ಕಾಲ ನೋಡ್ಕೋತ ಹೋಗ್ರಿ!" ಯಜಮಾನರದು ಒಂದೇ ಮಾತು, "ಅಪ್ಪಾ, ಹುಷಾರ್." ನಾನಂತೂ ಬೆನ್ನಿಗೇ ನಿಂತು ಹೇಳಿಕೊಡುತ್ತಿದ್ದೆ. "ಎಡಗಾಲ ಎತ್ರಿ. ಹಾಂ, ಈಗ ಬಲಗಾಲ." ಅಂಗನವಾಡಿಯಲ್ಲಿ ಮಕ್ಕಳಿಗೆ ಹೇಳಿ ಹೇಳಿ ನನಗೆ ಅದು ರೂಢಿ.

ಮಾವ ನಾವು ಹೇಳಿದಂತೆ ಕೇಳಿದರು. ಅದೇ ಕೆಟ್ಟದ್ದಾಯಿತು. ಕೊರಳು ಬಾಗಿತು, ಹೆಜ್ಜೆ ಗೇಣಿಗೆ ಇಳಿಯಿತು, ಒಂದು ಕೈ ಸದಾ ಗೋಡೆಗೆ ಹತ್ತಿತು. ಎರಡು ತಿಂಗಳೊಳಗೆ ಸುಣ್ಣದ ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಉದ್ದಕ್ಕೂ ಒಂದು ಮಾಸಿದ ಪಟ್ಟೆ ಮೂಡಿತು.

ದಸರೆಯ ಸುಮಾರಿಗೆ ಅಂಗಳದಲ್ಲಿ ಮತ್ತೊಮ್ಮೆ ಬಿದ್ದರು. ನೆಲ ಒಣಗಿತ್ತು, ಬೆಳಕಿತ್ತು, ಎಡವಲು ಏನೂ ಇರಲಿಲ್ಲ. ನಾನು ಹಿಂದಿನಿಂದ "ಅಲ್ಲಿ ಹುಷಾರ್ರೀ ಮಾವಾರ" ಎಂದು ಕೂಗಿದೆ. ಅವರು ತಮ್ಮ ಕಾಲು ನೋಡಲು ಬಗ್ಗಿದರು, ಮೈ ಸೆಟೆದು ನಿಂತರು, ಹಾಗೆಯೇ ಕುಸಿದು ಕುಳಿತರು. ಯಾರೂ ನನಗೆ ಏನೂ ಅನ್ನಲಿಲ್ಲ. ಅನ್ನಬೇಕಾದ್ದನ್ನೆಲ್ಲ ನಾನೇ ಅಂದುಕೊಂಡೆ. ಅಂದಿನಿಂದ ಮಾವ ಮಂಚ ಬಿಟ್ಟು ಬಚ್ಚಲ ಕಡೆಗಲ್ಲದೆ ಬೇರೆಲ್ಲಿಗೂ ಹೋಗಲಿಲ್ಲ.

ಕಡೆಗೆ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಅವರನ್ನು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿ ನೋಡಿದಳು. ಆಮೇಲೆ ಅವರನ್ನು ಬಿಟ್ಟು ನನ್ನನ್ನು ಕೂರಿಸಿಕೊಂಡಳು.

"ಅಕ್ಕಾರ, ನೀವು ಮೆಟ್ಟಲ ಇಳೀವಾಗ ಯಾವ ಮೆಟ್ಟಲಿಗಿ ಯಾವ ಕಾಲ ಅಂತ ವಿಚಾರ ಮಾಡ್ಕೋತ ಇಳೀರಿ ನೋಡಮು. ನೀವೂ ಎಡವತೀರಿ."

"ಹಂಗಾರ ಹುಷಾರ್ ಅಂತ ಅನ್ನಬಾರದೇನವಾ?"

"ನೀರ ಒರಸ್ರಿ, ದಾರ್ಯಾಗಿನ ಸಾಮಾನ ತೆಗೀರಿ, ಲೈಟ್ ಹಾಕ್ರಿ. ಅದು ನಿಮ್ಮ ಕೆಲಸ. ಕಾಲ ಎತ್ತಾದು ಕಾಲಿನ ಕೆಲಸ, ಅದಕ್ಕ ಗೊತ್ತದ. ಅವರ ಕಣ್ಣ ಕಾಲ ಮ್ಯಾಲ ಬ್ಯಾಡ, ಮುಂದ ಹೋಗೋ ಕಡಿ ಇರ್ಲಿ. ಮತ್ತ ನಡೀವಾಗ ಮಾತಾಡಸಬ್ಯಾಡ್ರಿ. ನೀವು ಏನರ ಕೇಳಿದ್ರ ಅವರು ನಿಂತು ಜವಾಬ ಕೊಡ್ತಾರ, ನೋಡಿಲ್ಲೇನು?"

ನೋಡಿದ್ದೆ. ಚಹಾ ಬೇಕೇನೆಂದು ಕೇಳಿದರೆ ನಡುಮನೆಯಲ್ಲಿ ಗಕ್ಕನೆ ನಿಲ್ಲುತ್ತಿದ್ದರು. ಸಿಟ್ಟು ಬಂದಿರಬೇಕು ಎಂದುಕೊಂಡಿದ್ದೆ.

ಎದುರಿನ ಗೋಡೆಗೆ ಒಂದು ಕೆಂಪು ಕಾಗದ ಅಂಟಿಸಿ, ಅದನ್ನು ನೋಡುತ್ತ ನಡೆಸಿರಿ ಎಂದಳು. ಅಂಟಿಸಿದೆ. ಮಾವ "ನನ್ನ ಮನೀನೂ ಅಂಗನವಾಡಿ ಮಾಡ್ಲಿಕತ್ತಿಯೇನು?" ಎಂದು ಯಜಮಾನರಿಂದ ಅದನ್ನು ಕೀಳಿಸಿದರು. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಕೆಲಸದ ಚೀಲದಿಂದ ಸೂತ ತೆಗೆಸಿದರು. ಸೂತವೆಂದರೆ ಕಲ್ಲಿನ ಸಾಲು ನೆಟ್ಟಗೆ ಬರಲೆಂದು ಬಿಗಿಯುವ ದಾರ. ಅದನ್ನು ಗೋಡೆಯ ಬದಿಗೆ, ಬಾಗಿಲ ಚೌಕಟ್ಟಿನಿಂದ ದೇವರ ಮಾಡದ ಮೊಳೆಯವರೆಗೆ ಕಟ್ಟಿಸಿದರು.

"ಸೂತ ಕಟ್ಟಿದ ಮ್ಯಾಲ ತುದಿ ನೋಡಬೇಕು. ತನ್ನ ಕೈ ನೋಡಿದವನ ಸಾಲ ಸೊಟ್ಟ. ಇದಕ್ಕ ಎಷ್ಟ ಮಂದಿಗಿ ಬೈದೀನಿ!"

ಹೀಗೆಂದು, ದೂರದ ಗಂಟನ್ನು ನೋಡುತ್ತ ಹೊರಟರು. ಗೋಡೆಗೆ ಕೈ ಹಚ್ಚಲಿಲ್ಲ. ಚಳಿಗಾಲವೆಲ್ಲ ದಿನಕ್ಕೆ ಹತ್ತು ಸಲ ಇದೇ ಆಯಿತು. ಹೆಜ್ಜೆ ಮೊಳದುದ್ದಕ್ಕೆ ಬಂತು. ಕಷ್ಟವಾದದ್ದು ನಮಗೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಿಲ್ಲುತ್ತಿದ್ದರು. ನಾನು ಪಾತ್ರೆ ತಿಕ್ಕುವ ನೆಪದಲ್ಲಿ ಹಿತ್ತಿಲಿಗೆ ಹೋಗುತ್ತಿದ್ದೆ.

ಹೋದ ವಾರ ಭಂಕೂರಿನಿಂದ ಮಾವನವರ ಶಾಗಿರ್ದ ಬಂದ. ಚಿಕ್ಕವನಿದ್ದಾಗ ಅವರ ಕೈಯಲ್ಲಿ ಕೆಲಸ ಕಲಿತವನು, ಈಗ ಅವನ ಗಡ್ಡವೂ ಬೆಳ್ಳಗಾಗಿದೆ. ಸ್ವಂತ ಮನೆ ಕಟ್ಟಿ ನೆಲ ಮುಗಿಸಿದ್ದ. ಮಾವ ಕಲಿಸಿದ ಮೇಸ್ತ್ರಿಗಳಲ್ಲಿ ಒಂದು ಪದ್ಧತಿ ಉಂಟು. ಹೊಸ ನೆಲದ ಮೇಲೆ ಸಾಮಾನು ಇಡುವ ಮೊದಲು ಕೆಲಸ ಕಲಿಸಿದವರು ಬರಿಗಾಲಲ್ಲಿ, ಒಬ್ಬರೇ, ಮುಂಬಾಗಿಲಿನಿಂದ ಹಿಂದಿನ ಗೋಡೆಯ ತನಕ ನಡೆಯಬೇಕು. ಎದ್ದ ಕಲ್ಲು ಕಣ್ಣಿಗೆ ಕಾಣದಿದ್ದರೂ ಅಂಗಾಲಿಗೆ ತಿಳಿಯುತ್ತದೆ. ಸಿಕ್ಕ ಕಲ್ಲನ್ನು ಕೋಲಿನಿಂದ ಕುಟ್ಟಿದರೆ ಕಿತ್ತು ಮತ್ತೆ ಕೂಡಿಸಬೇಕು.

"ಕುರ್ಚಿ ಹಾಕ್ತೀನಿ ಉಸ್ತಾದ್. ನಡುವ ಕುಂತು ಒಮ್ಮಿ ಕಣ್ಣ ಹಾಯಿಸ್ರಿ, ಸಾಕು" ಎಂದ ಅವನು, ಇವರ ಸಂಗತಿ ಗೊತ್ತಿದ್ದವನು.

"ಕುರ್ಚಿಗಿ ಅಂಗಾಲ ಅದನೇನೋ?" ಎಂದರು ಮಾವ. ಅವನು ಹೋದ ಮೇಲೆ ನನಗೆ ಹೇಳಿದರು: "ಅಲ್ಲಿ ಯಾರರೆ ನನ್ನ ಕೈ ಹಿಡದ್ರ ಮುಗೀತವಾ. ಆಮ್ಯಾಲ ನನಗ ಮಂಚದ ಮ್ಯಾಲಿಂದ ಎಬ್ಬಸಬ್ಯಾಡ್ರಿ."

ಅವರು ಬೆದರಿಸುವ ಮನುಷ್ಯರಲ್ಲ. ಅಂದದ್ದನ್ನು ಮಾಡುವವರು.

ಇವತ್ತು ಭಂಕೂರಿಗೆ ಹೋದೊಡನೆ ನಾನು ಮೊದಲು ಮಾಡಿದ ಕೆಲಸ, ಆ ನೆಲದ ಉದ್ದಕ್ಕೂ ಅಂಚಿನಲ್ಲಿ ಹೋಗಿ ಹಸಿ ಇದೆಯೋ, ಸಿಮೆಂಟಿನ ಹರಳು ಬಿದ್ದಿದೆಯೋ ನೋಡಿದ್ದು. ಬಕೆಟ್ ಒಂದನ್ನು ಹೊರಗಿಡಿಸಿದೆ. ಇಪ್ಪತ್ತೆರಡು ಕಲ್ಲಿನ ಸಾಲು. ಗೋಡೆ ಎರಡೂ ಕಡೆ ಕೈಗೆಟುಕದಷ್ಟು ದೂರ. ಮಾವ ಚಪ್ಪಲಿ ಬಿಟ್ಟು, ಕೋಲು ಹಿಡಿದು ಒಳಗೆ ಕಾಲಿಟ್ಟರು.

ಮೂರನೆಯ ಕಲ್ಲಿಗೆ ಹೋಗಿದ್ದರು. ಬಾಗಿಲಲ್ಲಿ ನೆರೆದಿದ್ದ ನೆರೆಮನೆಯ ಹೆಣ್ಣುಮಗಳೊಬ್ಬಳು, ಒಳ್ಳೆಯ ಮನಸ್ಸಿನವಳೇ, "ಹುಷಾರ್ರೀ ಅಜ್ಜಾರ, ಕಾಲ ನೋಡಿ ಇಡ್ರಿ" ಎಂದಳು. ಅವಳ ಹಿಂದೆಯೇ ನಾಲ್ಕಾರು ಮಂದಿ, "ಹಾಂ ಹಾಂ, ಸಾವಕಾಶ, ಸಾವಕಾಶ!" ಮಾವ ನಿಂತರು. ಕೊರಳು ಬಾಗಿತು. ಎಡಗೈ, ಅಲ್ಲಿ ಇಲ್ಲದ ಗೋಡೆಯನ್ನು ಹುಡುಕಿತು.

"ಹೋಗಿ ಹಿಡಿಯವಾ" ಎಂದು ಅತ್ತೆ ನನ್ನ ರಟ್ಟೆ ಹಿಚುಕಿದರು.

ಹಿಡಿದರೆ ಬೀಳುವುದಿಲ್ಲ. ಹಿಡಿದರೆ ಮತ್ತೆ ಏಳುವುದೂ ಇಲ್ಲ. ನಾನು ಮಂದಿಯ ಕಡೆ ತಿರುಗಿ ತುಟಿಗೆ ಬೆರಳಿಟ್ಟೆ. ಎಲ್ಲ ಸುಮ್ಮನಾದರು. ಮಾವ ನಿಂತೇ ಇದ್ದರು. ನಿಂತವರನ್ನು ಮಾತಾಡಿಸಬಹುದು.

"ಮಾವಾರ, ಈ ಕಲ್ಲಿನ ಸಂದು ಹಿಂದಿನ ಗ್ವಾಡಿ ತನಕ ನೆಟ್ಟಗ ಅದನೇನ್ರಿ?"

ಅವರು ತಲೆ ಎತ್ತಿದರು. ಒಂದು ಕಣ್ಣು ಕಿರಿದು ಮಾಡಿ, ಕಲ್ಲಿನ ಸಂದು ಹಿಡಿದು ದೃಷ್ಟಿಯನ್ನು ಕೊನೆಯ ಗೋಡೆಯವರೆಗೆ ಕಳಿಸಿದರು. ಕೈ ಕೆಳಗಿಳಿಯಿತು. ನಡೆದರು. ನಾಲ್ಕು, ಐದು, ಆರು. ಕಲ್ಲಿನ ಮೇಲೆ ಅಂಗಾಲು ಕೂರುವ ಸಪ್ಪಳವೊಂದೇ. ಹದಿನಾಲ್ಕನೆಯದರಲ್ಲಿ ನಿಂತರು. ಅವರು ಹಿಮ್ಮಡಿಯನ್ನು ಆಚೆಈಚೆ ಎಳೆದು, ಕೋಲಿನಿಂದ ಎರಡು ಸಲ ಕುಟ್ಟಿ, ಮುಂದೆ ಹೋಗಿ ಹಿಂದಿನ ಗೋಡೆಗೆ ಅಂಗೈ ಬಡಿದರು. ತಿರುಗಿ ಅದೇ ಸಂದಿನ ಗುಂಟ ಬಂದರು.

ಶಾಗಿರ್ದ ಓಡಿಹೋಗಿ ಮೊಣಕಾಲೂರಿ ಆ ಕಲ್ಲಿನ ಅಂಚಿಗೆ ಉಗುರು ಎಳೆದ. "ಅರೆ! ಕೂದಲೆಳಿಯಷ್ಟ ಎದ್ದದ ಉಸ್ತಾದ್!"

"ಸ್ವಂತ ಮನಿ ಅಂತ ಅವಸರ ಮಾಡಿದಿ. ಕಿತ್ತು ಕೂಡಸು. ಉಳಿದದ್ದು ಭಾಳ ಛಲೋ ಅದ."

ಅವನು ಅವರ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡ. ಇಂಥವರ ಮನೆಯ ಸೊಸೆ ಎಂದು ನನಗೆ ಹಿಡಿಸಲಾರದಷ್ಟು ಹೆಮ್ಮೆಯಾಯಿತು. ಬಾಯಿ ಮುಚ್ಚಿಕೊಂಡಿರಲು ಕಲಿತ ನನ್ನ ಬಗ್ಗೆಯೂ ಒಂದು ಚಿಟಿಕೆ.

ಬರುವಾಗ ಆಟೋದಲ್ಲಿ ಅತ್ತೆ ಶುರು ಮಾಡಿದರು. "ಇಷ್ಟ ನಡೀಲಿಕ್ಕ ಬರತದಂದ್ರ ನಾಳಿಂದ ಹಾಲು ನೀವೇ ತರ್ರಿ."

"ತರ್ತೀನಿ. ನೀ ಹಿಂದಿಂದ ಒದರಬಾರದು."

ನಡೆಯುವಾಗ ಕಾಲು ನೋಯಲಿಲ್ಲವೇ ಎಂದು ನಾನು ಕೇಳಿದೆ. ಮಾವ ಅಂದರು: "ಕಾಲಿನ ನೆನಪ ಇರ್ಲಿಲ್ಲವಾ. ನಾ ಕಲ್ಲ ನೋಡ್ಲಿಕತ್ತಿದ್ದೆ."

ಸಂಜೆ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಭಂಕೂರಿನವರು ಡಬ್ಬಿಗೆ ಹಾಕಿಕೊಟ್ಟ ಶ್ಯಾವಿಗೆ ಖೀರನ್ನು ಮಾವ ಎರಡು ಸಲ ಹಾಕಿಸಿಕೊಂಡರು. ಮಳೆಗಾಲದಿಂದ ಅತ್ತೆ, ಗಂಡ ಬಚ್ಚಲಿಗೆ ಹೋಗಿಬಂದು ಮಲಗಿದ ಸಪ್ಪಳ ಕೇಳದೆ ಕಣ್ಣು ಮುಚ್ಚಿದವರಲ್ಲ. ಇವತ್ತು ಮಾವ ಇನ್ನೂ ಕೈ ತೊಳೆಯುತ್ತಿದ್ದಾಗಲೇ ಅವರು ಗೋಡೆಯ ಕಡೆ ಮುಖ ಮಾಡಿ ಎಲ್ಲರಿಗಿಂತ ಮೊದಲು ನಿದ್ದೆ ಹೋದರು.