ನೀರುಗಂಟಿಯ ಪ್ರಶ್ನೆ

ಹದಿನಾರು ಎಂಬ ಊರಿನ ಬಯಲಿಗೆ ನಾಲೆ ನೀರು ಹಂಚುತ್ತಿದ್ದ ನೀರುಗಂಟಿಯವರು, ಯಾರ ಗದ್ದೆಗೆ ನೀರು ತಿರುಗಿಸುವ ಮೊದಲೂ ಹಿಮ್ಮಡಿಯಿಂದ ಬದು ತುಳಿದು ನೋಡಿ ಕೇಳುತ್ತಿದ್ದರು: “ಯೂರಿಯಾ ಎರಚಿದ್ದೀಯೇನ್ಲಾ?” ಹೂಂ ಅಂದರೆ, “ಎರಡು ದಿನ ತಡಿ, ನೀರ್ ಜೊತೆ ಗೊಬ್ಬರಾನೂ ಒಂಟೋಯ್ತದೆ” ಎನ್ನುತ್ತಿದ್ದರು.

ಆ ಸಲ ನಾನು ಬೆಳಿಗ್ಗೆಯೇ ಎರಚಿದ್ದೆ. ಸರದಿ ತಪ್ಪೀತೆಂದು ಹೆದರಿ, “ಇಲ್ಲ ಕಣಣ್ಣ” ಎಂದು ಸುಳ್ಳು ಹೇಳಿದೆ. ಮಧ್ಯಾಹ್ನ ಗದ್ದೆ ತುಂಬಿ ಕೆಳಗಿನ ಬದು ಒಡೆಯಿತು. “ಎರಚಿದ್ದೆ ಕಣಣ್ಣ” ಎಂದು ಕೂಗಿದೆ.

ಓಡಿ ಬಂದ ನೀರುಗಂಟಿಯವರು ಬೈಯಲಿಲ್ಲ, ಒಡೆದ ಜಾಗಕ್ಕೆ ಅಡ್ಡಲಾಗಿ ಕೂತುಬಿಟ್ಟರು. “ಮಣ್ಣು ತತ್ತಾ, ಬೇಗ.”

ನೀರು ನಿಂತಿತು. ಅದು ನುಗ್ಗುತ್ತಿದ್ದದ್ದು ಅವರದೇ ಗದ್ದೆಗೆ. ಅಲ್ಲಿ ಯೂರಿಯಾ ಸಿಗದೆ ಪೈರೆಲ್ಲ ಹಳದಿ ತಿರುಗಿತ್ತು.