ಸೂರ್ಯನ ತಲೆಗೆ ಕಟ್ಟಿದ ಜಗಳ

ನಮ್ಮ ಮನೆಯ ಮುಂಗೋಣೆಯೇ ನನ್ನ ರಕ್ತ ಪರೀಕ್ಷೆಯ ಕೋಣೆ; ಅದರ ಕಿಟಕಿಯಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕವಿದೆ. ಅದರ ಹೊಟ್ಟೆಯ ಕೆಳಗೆ, ಕುಂಕುಮ ಇಟ್ಟುಕೊಳ್ಳುವಾಗ ಹೆಂಗಸರು ಅಂಗೈಯಲ್ಲಿ ಹಿಡಿಯುವಂಥ ಪುಟ್ಟದೊಂದು ದುಂಡುಗನ್ನಡಿ. ಕರೆಂಟಿನ ಮೇಲೆ ನಡೆಯುವ ಹೊಸದೂ ಒಂದಿದೆ ಅನ್ನಿ. ಆದರೆ ಸವಣೂರಿನ ಕರೆಂಟು ಹಬ್ಬಕ್ಕೆ ಬರುವ ಅಳಿಯನ ಹಾಗೆ, ಬಂದಾಗ ಬಂತು, ಹೋದಾಗ ಹೋಯಿತು. ಅದು ಹೋದಾಗಲೆಲ್ಲ ನಾನು ಹಳೆಯದರ ಮುಂದೆ ಕುಳಿತು ಈ ಕನ್ನಡಿಯನ್ನು ಚೂರು ಅತ್ತ, ಚೂರು ಇತ್ತ ತಿರುಗಿಸಿ ಬೆಳಕು ಹಿಡಿಯುತ್ತೇನೆ. ಬಿಸಿಲನ್ನು ನೇರವಾಗಿ ಹಿಡಿದರೆ ಕಣ್ಣು ಹೋದೀತು. ಅದಕ್ಕೆ, ಎದುರು ಮನೆಯ ಸುಣ್ಣದ ಗೋಡೆಗೆ ಬಿದ್ದ ಮುಂಜಾನೆಯ ಬಿಸಿಲನ್ನು ಅಲ್ಲಿಂದ ಕಡ ತಂದುಕೊಂಡಂತೆ ತಂದು, ಗಾಜಿನ ಪಟ್ಟಿಯ ಮೇಲಿನ ರಕ್ತದ ಹನಿಗೆ ಹಾಯಿಸುತ್ತೇನೆ. ಆಗ ಜೀವಕೋಶಗಳು ಒಂದೊಂದಾಗಿ ಮೂಡುತ್ತವೆ, ನಸುಗೆಂಪು ಅವಲಕ್ಕಿ ಚೆಲ್ಲಿದ ಹಾಗೆ.

ಎದುರು ಮನೆ ಹುಸೇನಬಿಯದು. ಅವರ ಮಕ್ಕಳಿಗೆ ಹಾನಗಲ್ಲಿನ ರಸ್ತೆಯಲ್ಲಿ ಎಲೆತೋಟವಿದೆ. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕಾದ, ಒಳಗೆ ಹೋದರೆ ಮೇ ತಿಂಗಳನ್ನೂ ಮರೆಸುವ ತೋಟ. ಹುಸೇನಬಿ ಮತ್ತು ನಮ್ಮ ಅತ್ತೆ ಶಾಂತವ್ವ ಇಬ್ಬರೂ ಈ ಓಣಿಗೆ ಸೊಸೆಯರಾಗಿ ಬಂದವರು; ಅಂದಿನಿಂದಲೂ ಈ ಎರಡು ಮನೆಗಳ ನಡುವೆ ಒಂದು ಹಿತ್ತಾಳೆಯ ತಾಟು ಓಡಾಡುತ್ತಿತ್ತು. ಪ್ರತಿ ಶುಕ್ರವಾರ ಅಲ್ಲಿಂದ ಅದರ ತುಂಬ ವೀಳ್ಯದೆಲೆ ಬರುತ್ತಿತ್ತು. ಇಲ್ಲಿಂದ ಅದು ಹೋಳಿಗೆಯೋ, ಗುರೆಳ್ಳು ಚಟ್ನಿಯೋ, ಏನೂ ಇಲ್ಲದ ದಿನ ಕೊನೆಗೊಂದು ಬೆಲ್ಲದ ಹೆಂಟೆಯನ್ನೋ ಹೊತ್ತು ಹಿಂದಿರುಗುತ್ತಿತ್ತು. ತುಂಬಿ ಬಂದ ತಾಟನ್ನು ಖಾಲಿ ಕಳಿಸಬಾರದು. ಇದು ನಮ್ಮ ಕಡೆಯ ಕಾನೂನು, ಯಾವ ಕೋರ್ಟಿನದೂ ಅಲ್ಲ, ಆದರೆ ಮುರಿದವರಿಗೆ ಶಿಕ್ಷೆ ತಪ್ಪಿದ್ದಲ್ಲ. ಇಷ್ಟು ವರ್ಷ ಓಡಾಡಿ ಓಡಾಡಿ ಆ ತಾಟು ಮೂಲದಲ್ಲಿ ಯಾವ ಮನೆಯದು ಎಂಬುದನ್ನು ಇಬ್ಬರೂ ಮರೆತುಬಿಟ್ಟಿದ್ದರು.

ಇನ್ನು ನಮ್ಮ ಮನೆಯವರ ವಿಷಯ. ಅವರು ಹಿರೇಕೆರೂರಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಟಿಕೆಟ್ಟಿನ ಯಂತ್ರ ಒಂದು ಕೈಯಲ್ಲಿ, ವಿಜ್ಞಾನದ ವಿಡಿಯೋ ತೋರಿಸುವ ಮೊಬೈಲು ಇನ್ನೊಂದು ಕೈಯಲ್ಲಿ. ಯಾವುದೋ ಶುಭಮುಹೂರ್ತದಲ್ಲಿ ಅವರಿಗೆ ಸೂರ್ಯನ ಕಲೆಗಳ ಸಂಗತಿ ಸಿಕ್ಕಿತು. ಸೂರ್ಯನ ಮೈಮೇಲೆ ಕಪ್ಪು ಕಲೆಗಳು ಏಳುತ್ತವೆ, ಹನ್ನೊಂದು ವರ್ಷಕ್ಕೊಮ್ಮೆ ಅವು ಹೆಚ್ಚುತ್ತವೆ, ಕಡಿಮೆಯಾಗುತ್ತವೆ ಎಂಬುದು ನಿಜ, ನಾವೂ ಓದಿದ್ದೇ. ಆದರೆ ಕಳೆದ ಶತಮಾನದಲ್ಲಿ ರಷ್ಯಾದ ಪಂಡಿತನೊಬ್ಬ ಆ ಕಲೆಗಳು ಹೆಚ್ಚಿದ ವರ್ಷಗಳನ್ನೂ ಭೂಮಿಯ ಮೇಲೆ ಯುದ್ಧ, ದಂಗೆಗಳಾದ ವರ್ಷಗಳನ್ನೂ ಪಕ್ಕಪಕ್ಕ ಇಟ್ಟು, ಇದು ಅದರ ಪ್ರತಾಪವೇ ಎಂದು ಸಾರಿದನಂತೆ. ಜಪಾನಿನ ವೈದ್ಯನೊಬ್ಬ, ಸೂರ್ಯ ಕೆರಳಿದ ಕಾಲದಲ್ಲಿ ಮನುಷ್ಯರ ರಕ್ತದ ಗುಣವೇ ಬದಲಾಗುತ್ತದೆ, ಅದೂ ಬೆಳಗಾಗುವ ತುಸು ಮೊದಲೇ, ಎಂದನಂತೆ. ಪಾಪ, ಆ ರಷ್ಯಾದವನಿಗೆ ಸೆರೆವಾಸವೂ ಆಯಿತಂತೆ. ಕ್ರಾಂತಿ ಮಾಡಿದ್ದು ಜನ ಎಂದು ಹೇಳಿಕೊಂಡು ಗದ್ದುಗೆ ಏರಿದವರ ಮುಂದೆ, ಇಲ್ಲ, ಮಾಡಿಸಿದ್ದು ಸೂರ್ಯ ಎಂದು ಹೇಳಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ನಮ್ಮ ಮನೆಯವರು ಇಷ್ಟಕ್ಕೇ ಸುಮ್ಮನಾಗದೆ ತಮ್ಮ ಬಸ್ಸಿನಲ್ಲೇ ಸಂಶೋಧನೆಗೆ ತೊಡಗಿದರು. ಬೆಳಿಗ್ಗೆ ಬಸ್ಸು ದಕ್ಷಿಣಕ್ಕೆ ಹೋಗುವಾಗ ಬಿಸಿಲು ಎಡಗಡೆಯ ಸೀಟುಗಳ ಮೇಲೆ; ಸಂಜೆ ಉತ್ತರಕ್ಕೆ ಮರಳುವಾಗಲೂ ಎಡಗಡೆಯ ಸೀಟುಗಳ ಮೇಲೆಯೇ. ಮತ್ತು ಅವರು ಕಂಡಂತೆ ಜಗಳಗಳು ಹೆಚ್ಚಾಗಿ ಎಡಗಡೆಯೇ ಹುಟ್ಟುತ್ತಿದ್ದವು! ಈ ಮಹಾಸತ್ಯವನ್ನು ಅವರು ಊಟದ ಹೊತ್ತಿಗೆ ಸಾರಿದಾಗ ನಾನು ರೊಟ್ಟಿ ಬಡಿಯುತ್ತಲೇ, ಬಸ್ಸಿನ ಬಾಗಿಲೂ ಎಡಕ್ಕೇ ಇರುತ್ತದಲ್ಲ, ಹತ್ತುವವರು, ಇಳಿಯುವವರು, ಚಿಲ್ಲರೆ ಕೇಳುವವರು ಎಲ್ಲ ಅಲ್ಲೇ ಅಲ್ಲವೇ ಗುದ್ದಾಡುವುದು ಎಂದು ಕೇಳಿದೆ. ಅವರು ರೊಟ್ಟಿ ಮುರಿಯುತ್ತ, ವಿಜ್ಞಾನದಲ್ಲಿ ಹೆಂಡತಿಯರನ್ನು ಸೇರಿಸಿಕೊಳ್ಳಬಾರದೆಂದು ಗೊಣಗಿ ಪಲ್ಯ ಹಾಕಿಸಿಕೊಂಡರು.

ನಿಮಗೂ ಹೀಗೇ ಅನಿಸಿರಬೇಕು, ಗೆಳೆಯರೇ. ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದರ ತಾಯಿಯಾಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲದ ಮೇಲಿನ ಆರೋಪ ಸಾಲದೆ ಬಂದಾಗ ನಾವು ಆಕಾಶಕ್ಕೆ ಕೈ ಹಾಕುತ್ತೇವೆ. ಶನಿ ಹಿಡಿಯಿತು, ಅಮಾವಾಸ್ಯೆ ಬಡಿಯಿತು ಎನ್ನುತ್ತಿದ್ದ ನಮ್ಮ ಹಿರಿಯರಿಗೂ ಸೂರ್ಯನ ಕಲೆ ಎನ್ನುವ ನಮ್ಮ ಮನೆಯವರಿಗೂ ನಡುವೆ ಇರುವುದು ಮೊಬೈಲಿನ ವ್ಯತ್ಯಾಸವಷ್ಟೇ. ಆದರೂ ಒಂದು ಮಾತನ್ನು ಒಪ್ಪಬೇಕು. ಎಲೆಬಳ್ಳಿಗೆ ಬಿಸಿಲು ತುಸು ಹೆಚ್ಚಾದರೆ ಎಲೆ ಹಳದಿಯಾಗುತ್ತದೆ, ತುಸು ಕಡಿಮೆಯಾದರೆ ರುಚಿ ಕೆಡುತ್ತದೆ. ಬಳ್ಳಿಯ ಜೀವಕೋಶಕ್ಕೆ ತಿಳಿಯುವ ಸೂರ್ಯ ನನ್ನ ನಿಮ್ಮ ಜೀವಕೋಶಕ್ಕೆ ಪರಕೀಯನೇನೂ ಅಲ್ಲವಲ್ಲ. ಎಷ್ಟು ತಿಳಿಯುತ್ತದೆ ಎಂಬುದೇ ಪ್ರಶ್ನೆ.

ಬಿಸಿಲು ಹಾಗೆ ಏರಿದ್ದ ಒಂದು ಮೇ ತಿಂಗಳಲ್ಲಿ ಜಗಳವಾಯಿತು. ನಮ್ಮ ಅತ್ತೆ ಬೆಳಿಗ್ಗೆಯೇ ಮಾಳಿಗೆಯ ಮೇಲೆ ಸೀರೆ ಹಾಸಿ ಶಾಂಡಿಗೆ ಒಣಗಲು ಇಟ್ಟಿದ್ದರು. ನಡುಮಧ್ಯಾಹ್ನ ಹುಸೇನಬಿಯ ಆಡು ಹಗ್ಗ ಬಿಚ್ಚಿಕೊಂಡು, ನಮ್ಮ ಮೆಟ್ಟಿಲು ಹತ್ತಿ, ಅರ್ಧ ಸೀರೆಯಷ್ಟು ಶಾಂಡಿಗೆಯನ್ನು ಸಾವಧಾನವಾಗಿ ತಿಂದು ಮುಗಿಸಿತು. ಅತ್ತೆ ಮಾಳಿಗೆಯ ಮೇಲಿನಿಂದಲೇ ಆಡಿನ ಕುಲಗೋತ್ರ ಬಿಡಿಸಿದರು. ಕೆಳಗಿನಿಂದ ಹುಸೇನಬಿ, ಮೆಟ್ಟಿಲಿನ ಬಾಗಿಲು ತೆಗೆದು ಆಡನ್ನು ಕರೆದವರು ಯಾರು ಎಂದು ಕೇಳಿದರು. ಅಷ್ಟಕ್ಕೇ ನಿಂತಿದ್ದರೆ ಸಂಜೆಯೊಳಗೆ ತಣ್ಣಗಾಗುತ್ತಿತ್ತು. ಆದರೆ ಅಂದು ಶುಕ್ರವಾರ; ಎಲೆಯ ತಾಟು ಬೆಳಿಗ್ಗೆಯೇ ಬಂದಿತ್ತು. ಅತ್ತೆ ಆ ತಾಟನ್ನು ಬೂದಿ ಹಾಕಿ ತಿಕ್ಕಿ, ತೊಳೆದು, ಥಳಥಳ ಹೊಳೆಯುವಂತೆ ಮಾಡಿ, ಖಾಲಿಯಾಗಿಯೇ ಹೊತ್ತೊಯ್ದು ಹುಸೇನಬಿಯ ಹೊಸ್ತಿಲ ಮೇಲಿಟ್ಟು ಬಂದರು.

ಅದಾದ ಮೇಲೆ ತಾಟು ಬರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದ ಹಿರಿಯರು ನೆರೆಹೊರೆಯವರ ಜಗಳಕ್ಕೆ ಅವಧಿ ಗೊತ್ತುಮಾಡದೆ ಹೋಗಿದ್ದಾರೆ. ನಮ್ಮ ಅತ್ತೆ ಊಟವಾದ ಮೇಲೆ ಸಂತೆಯ ಎಲೆಯನ್ನು ಬಾಯಿಗಿಟ್ಟು, ಮುಖ ಹುಳ್ಳಗೆ ಮಾಡಿ, ಕೊನೆಗೆ ಎಲೆ ಹಾಕುವುದನ್ನೇ ಬಿಟ್ಟರು. ಇಬ್ಬರೂ ಸಕ್ಕರೆ ಕಾಯಿಲೆಯವರು. ಅತ್ತೆಯ ರಕ್ತ ತೆಗೆಯುವಾಗ ಅವರು ನೋವಿನ ಕಡೆ ಗಮನ ಕೊಡದೆ, ಆಕೆಯದು ಎಷ್ಟಿದೆ ಎಂದು ಕೇಳುತ್ತಿದ್ದರು. ಹುಸೇನಬಿಯೂ ತಮ್ಮ ಚೀಟಿಯನ್ನು ಮಡಚಿಕೊಳ್ಳುತ್ತ, ಶಾಂತಕ್ಕ ಇನ್ನೂ ಚಹಕ್ಕೆ ಸಕ್ಕರೆ ಹಾಕಿಕೊಳ್ಳುತ್ತಾಳೋ ಎನ್ನುತ್ತಿದ್ದರು. ಒಬ್ಬರದನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ ಎಂದು ನಾನು ಇಬ್ಬರಿಗೂ ಅದೇ ಉತ್ತರ ಕೊಡುತ್ತಿದ್ದೆ. ಇಷ್ಟರಲ್ಲಿ ಸುದ್ದಿ ಬಂತು: ಹುಸೇನಬಿಯ ದೊಡ್ಡ ಮಗ ತೋಟದಲ್ಲೇ ಹೊಸ ಮನೆ ಕಟ್ಟಿಸಿದ್ದಾನೆ, ಬಕ್ರೀದಿಗೆ ಮೊದಲೇ ತಾಯಿಯನ್ನು ಕರೆದುಕೊಂಡು ಹೋಗುತ್ತಾನೆ, ಈ ಮನೆಯಲ್ಲಿ ಸಣ್ಣ ಮಗ ಇರುತ್ತಾನೆ. ಅಂದು ಅತ್ತೆ ಕಾಳು ಹಸನು ಮಾಡುತ್ತ ಕುಳಿತವರು ಹಸನಾದ ಕಾಳನ್ನೇ ಮತ್ತೆ ಮತ್ತೆ ಹಸನು ಮಾಡಿದರು. ಮಾತಿಲ್ಲದೆಯೇ ಹುಸೇನಬಿ ಹೊರಟುಬಿಟ್ಟರೆ ಈ ಮುದುಕಿ ಇನ್ನು ನಗುವುದಿಲ್ಲ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಒಂದು ಮುಂಜಾನೆ ಇಬ್ಬರೂ ಬರಿಹೊಟ್ಟೆಯಲ್ಲಿ ಒಂದೇ ಹೊತ್ತಿಗೆ ನನ್ನ ಕೋಣೆಗೆ ರಕ್ತ ಕೊಡಲು ಬಂದುಬಿಟ್ಟರು. ಬಂದವರು ತಿರುಗಿ ಹೋಗುವಂತಿಲ್ಲ, ಹೋದವರು ಸೋತಂತೆ. ಬೆಂಚಿನ ಆ ತುದಿಗೊಬ್ಬರು, ಈ ತುದಿಗೊಬ್ಬರು ಕುಳಿತರು. ಕರೆಂಟು ಹೋಗಿತ್ತು. ಎರಡನೆಯ ಪಾಳಿಯಾದ್ದರಿಂದ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿದ್ದುದನ್ನು ಜೋರಾಗಿ ಓದುತ್ತಿದ್ದರು. ಆ ಶುಕ್ರವಾರ ಸೂರ್ಯನಿಂದ ಭಾರೀ ಬಿರುಗಾಳಿಯೊಂದು ಎದ್ದು ಭೂಮಿಗೆ ಬಡಿದಿತ್ತಂತೆ, ಲಡಾಖಿನ ಆಕಾಶ ಕೆಂಪೇರಿತ್ತಂತೆ. ಅಂಥ ದಿನಗಳಲ್ಲಿ ರಕ್ತದ ಒತ್ತಡ ಏರುತ್ತದೆ, ಸುಮ್ಮನಿದ್ದವರಿಗೂ ಸಿಟ್ಟು ಬರುತ್ತದೆ ಎಂದು ಕೆಲವರು ಹೇಳುತ್ತಾರಂತೆ. ಓದಿ ಮುಗಿಸಿ, ಯಾರ ಮುಖವನ್ನೂ ನೋಡದೆ, "ಅವತ್ತ ಅಲ್ಲೇನು, ಆಡು ನಮ್ಮ ಮಾಳಗಿ ಹತ್ತಿದ್ದು?" ಎಂದರು.

ಬಿರುಗಾಳಿಯ ಸುದ್ದಿ ಸುಳ್ಳಲ್ಲ, ನಾನೂ ಓದಿದ್ದೆ. ಆದರೆ ಅದು ನಮ್ಮನ್ನು ಮುಟ್ಟಿದ್ದು ಅಂದು ರಾತ್ರಿಯ ಊಟವಾದ ಮೇಲೆ; ಆಡು ಶಾಂಡಿಗೆ ತಿಂದದ್ದು ಮಧ್ಯಾಹ್ನ. ರಾತ್ರಿ ಬಂದ ಬಿರುಗಾಳಿ ಮಧ್ಯಾಹ್ನದ ಜಗಳವನ್ನು ಹೇಗೆ ಹುಟ್ಟಿಸೀತು? ಬಸ್ಸಿನ ಬಾಗಿಲಿನ ಪ್ರಶ್ನೆ ಕೇಳಿದ ನನ್ನ ನಾಲಗೆ ಇಲ್ಲಿಯೂ ತುರಿಸಿತು. ಬಾಯಿ ತೆರೆಯುವಷ್ಟರಲ್ಲಿ ಹುಸೇನಬಿ ನನ್ನತ್ತ ತಿರುಗಿದರು.

"ಖರೇನವಾ? ನೀ ದಿನಾ ರಕ್ತ ನೋಡಾಕಿ. ಸೂರ್ಯಂದು ರಕ್ತದಾಗ ನಡೀತೈತೇನು?"

ಅತ್ತೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು, ಆದರೆ ಕಿವಿ ಎರಡೂ ಇತ್ತಲೇ ಇದ್ದವು. ನನ್ನ ಒಂದು ಮಾತಿನ ಮೇಲೆ ಎಷ್ಟೋ ವರ್ಷಗಳ ಗೆಳೆತನ ನಿಂತಿತ್ತು, ಆದರೆ ಸುಳ್ಳು ಹೇಳಲೂ ನನಗೆ ಮನಸ್ಸಿರಲಿಲ್ಲ. ಕೈ ತನ್ನಷ್ಟಕ್ಕೇ ಕನ್ನಡಿಯ ಮೇಲೆ ಹೋಯಿತು. ಹುಸೇನಬಿಯ ಗೋಡೆಯ ಬೆಳಕು ಅದರಲ್ಲಿ ತುಂಬಿತ್ತು.

"ಸೂರ್ಯ ಇಲ್ಲಂದ್ರ ನನಗ ರಕ್ತನ ಕಾಣೂದಿಲ್ಲ ನೋಡ್ರಿ," ಎಂದೆ. "ನಡಿಯೂದಿಲ್ಲ ಅಂತ ಹೆಂಗ ಹೇಳ್ಲಿ?"

ಇಬ್ಬರೂ ರಕ್ತ ಕೊಟ್ಟು, ಸೆರಗು ಸರಿಪಡಿಸಿಕೊಂಡು, ಒಬ್ಬರಾದ ಮೇಲೊಬ್ಬರು ಹೊರಟುಹೋದರು. ನಮ್ಮ ಮನೆಯವರು ಹುಬ್ಬು ಹಾರಿಸಿ ನನ್ನನ್ನು ನೋಡಿದರು. ನಾನು ಗಾಜಿನ ಪಟ್ಟಿಗಳನ್ನು ತೊಳೆದಿಟ್ಟೆ.

ಮುಂದಿನ ಶುಕ್ರವಾರ ಹುಸೇನಬಿಯ ಸೊಸೆ ಬಂದಳು. ಕೈಯಲ್ಲಿ ಅದೇ ತಾಟು, ಥಳಥಳ ತೊಳೆದ ತಾಟು, ಅದರಲ್ಲಿ ಒಂದೇ ಒಂದು ಎಲೆಯೂ ಇಲ್ಲ. ಅದನ್ನು ಅತ್ತೆಯ ಮುಂದಿಟ್ಟು ಹೊರಟುಹೋದಳು. ಹೋಗುವ ಮುಂಚೆ ಕೊನೆಯ ಕಲ್ಲನ್ನೂ ಹೊಡೆದೇ ಹೋಗುತ್ತಿದ್ದಾರಲ್ಲ ಹುಸೇನಬಿ ಎಂದುಕೊಂಡೆ. ಅತ್ತೆ ಮಾತ್ರ ಆ ಖಾಲಿ ತಾಟನ್ನು ತಿರುಗಿಸಿ ನೋಡಿದರು. ಆಮೇಲೆ ಅವರ ಮುಖದಲ್ಲಿ, ಆಡು ಮಾಳಿಗೆ ಹತ್ತಿದಂದಿನಿಂದ ಕಾಣದಿದ್ದ ನಗು ಮೂಡಿತು.

"ಆಕಿ ಶ್ಯಾಣ್ಯಾಕಿ," ಎಂದರು. "ತಾಟು ಆಕಿ ಹತ್ರ ಇತ್ತು. ನಾ ಯಾತರಾಗ ತುಂಬಿ ಕೊಡ್ಲಿ? ಅದಕ್ಕ ಕಳಿಸ್ಯಾಳ."

ನಾನು ಓದಿದ ವಿಜ್ಞಾನ ಇಷ್ಟು ಬೇಗ ಅಷ್ಟು ದೂರ ಹೋಗುವುದಿಲ್ಲ. ಖಾಲಿಗೆ ಖಾಲಿ ಸರಿಹೋಯಿತು. ಈಗ ತುಂಬುವ ಸರದಿ ನಮ್ಮದು. ಅತ್ತೆ ಡಬ್ಬಿಯಿಂದ ಆಡು ಬಿಟ್ಟ ಶಾಂಡಿಗೆಯನ್ನೆಲ್ಲ ತೆಗೆದು, ಎಣ್ಣೆ ಕಾಯಿಸಿ ಕರಿದು, ತಾಟಿನ ಮೇಲೆ ಗುಡ್ಡವಾಗಿ ಪೇರಿಸಿ, ತಾವೇ ಹೊತ್ತುಕೊಂಡು ಓಣಿ ದಾಟಿದರು. ಸಂಜೆಯವರೆಗೂ ತಿರುಗಿ ಬರಲಿಲ್ಲ. ಬಂದಾಗ ಬಾಯಿ ಕೆಂಪಗಿತ್ತು. ಅವರಿಬ್ಬರೂ ಕ್ಷಮೆ ಕೇಳಿಕೊಂಡರೇ ಎಂದು ನಾನು ಕೇಳಿದ್ದಕ್ಕೆ, ಅದೇಕೆ, ತಪ್ಪು ಸೂರ್ಯನದಲ್ಲವೇ ಎಂದು ನನ್ನನ್ನೇ ಗದರಿದರು. ಇಬ್ಬರೂ ಅದನ್ನು ನಂಬಿದ್ದರೆಂದು ನನಗೇನೂ ಅನಿಸುವುದಿಲ್ಲ. ಆದರೆ ಮೊದಲು ಬಾಗುವವರು ಯಾರು ಎಂದು ಇಬ್ಬರು ಬಿಗಿದುಕೊಂಡು ನಿಂತಿದ್ದಾಗ ಮೂರನೆಯವನೊಬ್ಬ ಬಂದು ತಪ್ಪು ಹೊತ್ತರೆ, ಅವನು ಎಷ್ಟು ದೂರದವನಾದರೇನು? ಅಷ್ಟು ಸುಡುವವನಿಗೆ ಇದೊಂದು ಬೈಗುಳ ಯಾವ ಲೆಕ್ಕ! ಅಂದಿನಿಂದ ಆ ರಷ್ಯಾದ ಪಂಡಿತನ ಮೇಲೆ ನನಗೂ ಒಂದಿಷ್ಟು ಪ್ರೀತಿ ಹುಟ್ಟಿದೆ.

ಹುಸೇನಬಿ ತೋಟಕ್ಕೆ ಹೋದರು. ತಾಟು ಈಗಲೂ ಓಡಾಡುತ್ತದೆ, ಹಾನಗಲ್ಲಿನ ಬಸ್ಸಿನಲ್ಲಿ, ನಮ್ಮ ಮನೆಯವರ ಗೆಳೆಯ ಕಂಡಕ್ಟರನ ಕೈಯಲ್ಲಿ. ತಿಂಗಳಿಗೊಮ್ಮೆ ರಕ್ತ ಕೊಡಲು ಹುಸೇನಬಿಯೇ ಬಂದಾಗ ತಾಟೂ ಅವರೊಡನೆಯೇ ಬರುತ್ತದೆ.

ಮೊನ್ನೆ ಹಾಗೆ ಬಂದಿದ್ದರು. ಮಳೆ ಹಿಡಿದಿತ್ತು, ಎಂದಿನಂತೆ ಕರೆಂಟು ಹೋಗಿತ್ತು. ಬೆಂಚಿನ ಒಂದೇ ತುದಿಯಲ್ಲಿ ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿ ಕುಳಿತಿದ್ದರು. ನಾನು ಕನ್ನಡಿಯನ್ನು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಎದುರಿನ ಗೋಡೆ ತೊಯ್ದು ಮಂಕಾಗಿತ್ತು, ಬೆಳಕು ಬರಲೊಲ್ಲದು. ಅತ್ತೆ ತಾಟಿನ ಎಲೆಗಳನ್ನು ಬೆರಳಿನಿಂದ ಸರಿಸಿ ನೋಡಿ, ತೋಟದ ಮಗ್ಗುಲಲ್ಲೇ ಮನೆಯಿಟ್ಟುಕೊಂಡು ನಿನ್ನೆ ಕೊಯ್ದ ಎಲೆ ತಂದಿದ್ದಾಳೆ ಎಂದು ರಾಗ ತೆಗೆದರು. ಹುಸೇನಬಿಯ ಕತ್ತು ಸರ್ರನೆ ತಿರುಗಿತು. ಉತ್ತರ ನಾಲಗೆಯ ತುದಿಗೆ ಬಂದದ್ದು ನನಗೂ ಕಂಡಿತು. ಆದರೆ ಅವರು ಕಿಟಕಿಯಾಚೆಯ ಮೋಡವನ್ನೊಮ್ಮೆ ನೋಡಿ, ಅತ್ತೆಯ ತೊಡೆಯ ಮೇಲೆ ಕೈಯಿಟ್ಟರು.

"ಇವತ್ತ ಬ್ಯಾಡ ಶಾಂತಕ್ಕ," ಎಂದರು. "ಸೂರ್ಯ ಇಲ್ಲ. ಜಗಳಾಡಿದ್ರ ನಮ್ಮ ತಲಿಮ್ಯಾಲೇ ಬರತೈತಿ."