ಘಾಟಿನಲ್ಲಿ ಓದಿದ ಹೆಸರು

ಪಿತೃಪಕ್ಷದ ಒಂದು ಬೆಳಿಗ್ಗೆ ನಾನು ದಶಾಶ್ವಮೇಧ ಘಾಟಿನಲ್ಲಿ, ನೀರಿಗೆ ತಾಗಿದ ಮೆಟ್ಟಿಲ ಮೇಲೆ ನಿಂತಿದ್ದೆ. ಎದುರಿಗೇ ನಮ್ಮ ಮೇಷ್ಟ್ರು. ಎಳ್ಳು ಅಂಟಿದ ಒದ್ದೆ ಕೈಯೊಂದು ಅವರ ಅಂಗಿಯನ್ನು ಎದೆಯ ಬಳಿ ಹಿಡಿದಿತ್ತು.

ಮೇಷ್ಟ್ರು ಅದೇ ಊರಿನ ಲಂಕಾ ಬಡಾವಣೆಯ ಕೋಚಿಂಗ್ ಸೆಂಟರಿನಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಕನ್ನಡ ಪುರೋಹಿತರ ಮನೆತನ. ಪೂಜೆ ಅಣ್ಣನದು, ಕಂಪ್ಯೂಟರ್ ಇವರದು. ಪಾಠ ಹಿಂದಿಯಲ್ಲಿ, ನನ್ನನ್ನು ಬೈಯುವಾಗ ಮಾತ್ರ ಕನ್ನಡ. ಪ್ರೋಗ್ರಾಮಿನೊಳಗೆ ಮಾಹಿತಿ ಹೊತ್ತೊಯ್ಯುವ ಡಿಟಿಒಗಳಿಗೆ ಅವರು ಜೋಳಿಗೆ ಎನ್ನುತ್ತಿದ್ದರು.

"ಜೋಳಿಗೆ ಎರಡು ಮಾಡ್ದೆ, ಸರಿ. ಎರಡರಲ್ಲೂ ಒಂದೇ ಮನೆ ವಿಳಾಸ ಇದೆಯಲ್ಲೋ ಬುದ್ಧೂ! ಒಬ್ಬ ಹೋಗಿ ಗೋಡೆಗೆ ಬಣ್ಣ ಬಳಿದ್ರೆ ಇನ್ನೊಬ್ಬನಿಗೂ ಅದೇ ಬಣ್ಣ. ಒಳಗಿಂದೂ ಕಾಪಿ ಮಾಡು."

ಅಣ್ಣನ ಬಳಿ ಬರುವ ಯಾತ್ರಿಕರು ಪೂಜೆ ಬುಕ್ ಮಾಡಲೆಂದು ಅವರೇ ಒಂದು ಆ್ಯಪ್ ಬರೆದರು. ಅದು ಹೇಗೆ ನಡೆಯುತ್ತದೆಂದು ನೋಡಲು ಅಂದು ಇಬ್ಬರೂ ಹೋಗಿದ್ದೆವು. ಹಾವೇರಿ ಕಡೆಯ ತಾಯಿಯೊಬ್ಬರು ಬಂದಿದ್ದರು. ತೀರಿಕೊಂಡ ಗಂಡನಿಗೆ ಪಿಂಡ, ಬಸ್ ಓಡಿಸುವ ಮಗನ ಆಯುಷ್ಯಕ್ಕೆ ಗಂಗಾಪೂಜೆ. ಆ್ಯಪ್ ಮೊದಲ ಬುಕಿಂಗನ್ನು ಕಾಪಿ ಮಾಡಿ ಎರಡನೆಯದನ್ನು ಮಾಡಿತ್ತು. ನನ್ನ ಜೋಳಿಗೆಗಳ ಹಾಗೆಯೇ, ಒಳಗಿನ ಹೆಸರುಗಳನ್ನು ಬೇರ್ಪಡಿಸಿರಲಿಲ್ಲ. ಪೂಜೆಗೆ ಸೇರಿಸಿದ ಮಗನ ಹೆಸರು ಪಿಂಡಕ್ಕೂ ಸೇರಿತು. ಅಣ್ಣ ಫೋನ್ ನೋಡಿಕೊಂಡು, ಗಂಡನ ಹೆಸರಿನ ಹಿಂದೆಯೇ ಅದನ್ನೂ ಓದಿಬಿಟ್ಟರು.

"ನನ್ನ ಮಗ ಜೀವಂತ ಅದಾನ್ರೀ!"

ಆಕೆ ಮಗನಿಗೆ ಫೋನ್ ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದರು. ಹಿಂದೆ ಜನ, ಪಕ್ಕದಲ್ಲಿ ಕಟ್ಟಿದ ದೋಣಿಗಳು, ಮುಂದೆ ನೀರು, ಸರಿಯಲು ಜಾಗವಿರಲಿಲ್ಲ. ಅಣ್ಣ ತಮ್ಮನ ಕಿವಿಯಲ್ಲಿ ಪಿಸುಗುಟ್ಟಿದರು: "ನೆಟ್‌ವರ್ಕ್ ಗಡ್‌ಬಡ್ ಅಂತ ಹೇಳಿಬಿಡೋ. ನಾಳೆಯಿಂದ ಯಾರು ಬರ್ತಾರೆ ನಮ್ಮತ್ರ?"

ಮೇಷ್ಟ್ರು ಆಕೆಗೆ ಹೇಳಿದರು: "ತಪ್ಪು ನಂದಮ್ಮ. ನಾನು ಬರೆದಿದ್ದೇ ತಪ್ಪು. ನಿಮ್ಮ ಮಗನಿಗೆ ಏನೂ ಆಗಿಲ್ಲ."

"ಹಂಗಾರ ಫೋನ್ ಯಾಕ ಎತ್ತವಲ್ಲ?"

ಆಕೆ ಮೇಷ್ಟ್ರ ಅಂಗಿಯನ್ನು ಎದೆಯ ಬಳಿ ಹಿಡಿದರು. ಅವರು ಬಿಡಿಸಿಕೊಳ್ಳಲಿಲ್ಲ. ಬಿಸಿಲೇರಿತು. ಆಕೆ ಇನ್ನೊಂದು ಕೈಯಿಂದ ಮಗನಿಗೆ ಫೋನ್ ಮಾಡುತ್ತಲೇ ಇದ್ದರು.

ಕೊನೆಗೆ ಮಗನೇ ಫೋನ್ ಮಾಡಿದ. "ಏನವ್ವಾ, ಸ್ಟೇರಿಂಗ್ ಹಿಡದಾಗ ಹೆಂಗ ಎತ್ತಲಿ?"

ಆಕೆ ಅಂಗಿ ಬಿಟ್ಟು ಮೆಟ್ಟಿಲ ಮೇಲೆ ಕುಳಿತರು. ಆಮೇಲೆ ತಲೆಯೆತ್ತಿ ಮೇಷ್ಟ್ರನ್ನು ನೋಡಿದರು. "ನೀನೂ ಕೂಡೋ ತಮ್ಮಾ. ನನಗಿಂತ ನೀನ ಹೆಚ್ಚು ಬೆವತೀದಿ."

ಅಣ್ಣ ಮತ್ತೆಂದೂ ತಮ್ಮನನ್ನು ಘಾಟಿಗೆ ಕರೆಯಲಿಲ್ಲ. ಆ ತಾಯಿ ಮಾತ್ರ ಪ್ರತಿ ಪಿತೃಪಕ್ಷದಲ್ಲಿ ಮೇಷ್ಟ್ರಿಗೆ ಫೋನ್ ಮಾಡಿ, ಮಗ ಚೆನ್ನಾಗಿದ್ದಾನೆಂದು ತಿಳಿಸುತ್ತಿದ್ದರು. ಕಳೆದ ಚಳಿಗಾಲ ಮೇಷ್ಟ್ರು ತೀರಿಕೊಂಡರು. ಅಂದು ಕಂಡವರಲ್ಲಿ ಈಗ ಅವರ ಅಣ್ಣ ಇದ್ದಾರೆ, ನಾನಿದ್ದೇನೆ, ಆ ತಾಯಿ ಇದ್ದಾರೆ. ಈ ವರ್ಷ ಆಕೆ ನನಗೆ ಫೋನ್ ಮಾಡಿದರು.

"ಅದಾನ," ಎಂದರು.